ಐದು ನಕ್ಷತ್ರದ ಹುಡುಕಾಟ

ನಮ್ಮ ಸರ್ಚ್ ಎಂಜಿನ್ ಮೊದಲ ಸಲ ಕೆಟ್ಟದ್ದು, ಅದರ ಉದ್ಘಾಟನೆಗೆ ಕಟ್ಟಿದ ಮಾವಿನ ತೋರಣ ಒಣಗುವ ಮೊದಲೇ. ಸಿಂದಗಿಯ ಸೆಂಟರಿನಿಂದ ಫೋನ್ ಬಂತು. ಹತ್ತಿಯ ಕಾಯಿಕೊರಕದ ಬಗ್ಗೆ ಹುಡುಕಲು ಬಂದ ಕೃಷಿ ಸಹಾಯಕರೊಬ್ಬರಿಗೆ ಮೊದಲ ಉತ್ತರವಾಗಿ ‘ನಮ್ಮಲ್ಲಿ ಜಾಹೀರಾತು ನೀಡಿ’ ಎಂಬ ಸಾಲು ಬಂದಿತ್ತು. ಅದರ ಕೆಳಗೆ ‘ಸಹಾಯ’. ಅದರ ಕೆಳಗೆ ‘ನಮ್ಮ ಗೋಪ್ಯತಾ ನೀತಿ’. ಎಲ್ಲವೂ ಇಂಗ್ಲಿಷಿನಲ್ಲಿ, ಒಂದೊಂದರ ಮುಂದೆಯೂ ಹೊಳೆಯುವ ನಕ್ಷತ್ರಗಳು.

“ಮೇಡಂ, ಕಾಯಿಕೊರಕದಾಗ ಗೋಪ್ಯ ಏನೈತಿ ಅಂತ ಕೇಳಾಕತ್ತಾರ್ರಿ” ಎಂದ ಅಲ್ಲಿನ ಶಿಕ್ಷಕ. ಅವನು ತಮಾಷೆ ಮಾಡುತ್ತಿರಲಿಲ್ಲ. ಗಿರಾಕಿ ಎದುರಿಗೇ ಕೂತಿದ್ದರು.

ಅದು 2001ರ ಸುಮಾರು. ಮುದ್ದೇಬಿಹಾಳದ ಎಪಿಎಂಸಿ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಕಲಿಸುತ್ತಿದ್ದೆ. ಅದರ ಮಾಲೀಕರು ಹಿಂದೆ ಟೈಪಿಂಗ್ ಕ್ಲಾಸ್ ನಡೆಸಿದವರು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಈ ನಾಲ್ಕೂ ಊರುಗಳಲ್ಲಿ ಅವರ ಕ್ಲಾಸುಗಳಿದ್ದವು. ಕಾಲ ನೋಡಿ ಟೈಪ್‌ರೈಟರುಗಳನ್ನು ಮಾರಿ ಆ ಕೋಣೆಗಳಲ್ಲೇ ಕಂಪ್ಯೂಟರ್ ಇಟ್ಟಿದ್ದರು. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ತುಂಬು ತೋಳಿನ ಅಂಗಿ, ಹುಬ್ಬೇರಿಸಿ ಮಾತಾಡುವ ರೀತಿ. ಪೇಟೆಯ ಅರ್ಧ ಕಾರಕೂನರು ಅವರ ಕೈಯಲ್ಲಿ ಟೈಪಿಂಗ್ ಕಲಿತವರಾದ್ದರಿಂದ ಎಲ್ಲರೂ ಅವರನ್ನು ಮಾಸ್ತರು ಎನ್ನುತ್ತಿದ್ದರು. ನಾನೂ ಅಷ್ಟೇ.

ಆಗ ಇಂಟರ್‌ನೆಟ್ ಬರುತ್ತಿದ್ದದ್ದು ಫೋನಿನ ತಂತಿಯಲ್ಲಿ. ಮೋಡೆಮ್ ವಿಜಾಪುರದ ನಂಬರಿಗೆ ಡಯಲ್ ಮಾಡಿ, ಕಿರುಚಿ, ಕೆಮ್ಮಿ, ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಮತ್ತೆ ಡಯಲ್. ಹತ್ತಿದ ಮೇಲೂ ಒಂದು ಸರ್ಚ್ ಎಂಜಿನ್ನಿನ ಪುಟ ಪೂರ್ತಿ ಬರುವುದರೊಳಗೆ ಚಹಾ ಕುಡಿದು ಕಪ್ಪು ತೊಳೆದಿಡಬಹುದಿತ್ತು. ಪುಟದ ತುಂಬ ಜಾಹೀರಾತಿನ ಚಿತ್ರಗಳು. ಒಂದರಲ್ಲಿ ಬೇಕಾದದ್ದು ಸಿಗದಿದ್ದರೆ ಇನ್ನೊಂದು ಎಂಜಿನ್ ತೆರೆಯಬೇಕು, ಮತ್ತೆ ಅಷ್ಟೇ ಕಾಯಬೇಕು. ಗಿರಾಕಿಗಳು ಗಂಟೆಯ ಲೆಕ್ಕದಲ್ಲಿ ಹಣ ಕೊಡುವವರು. ಗಂಟೆ ಮುಗಿದರೂ ಪುಟ ಮುಗಿಯದೆ ಜಗಳವಾಗುತ್ತಿತ್ತು.

ಮಾಸ್ತರಿಗೆ ನಾನು ಹೇಳಿದ ಉಪಾಯ ಸರಳವಾಗಿತ್ತು. ಅಮೆರಿಕದಲ್ಲಿರುವ ಒಂದು ಸರ್ವರಿನಲ್ಲಿ ಸ್ವಲ್ಪ ಜಾಗ ಬಾಡಿಗೆಗೆ ಹಿಡಿಯುವುದು. ನಮ್ಮ ಊರಿನಿಂದ ಹುಡುಕುವ ಮಾತು ಮಾತ್ರ ಅಲ್ಲಿಗೆ ಹೋಗಬೇಕು. ಅಲ್ಲಿ ಕೂತ ನಮ್ಮ ಪ್ರೋಗ್ರಾಂ ಅದೇ ಮಾತನ್ನು ಐದು ದೊಡ್ಡ ಸರ್ಚ್ ಎಂಜಿನ್ನುಗಳಿಗೆ ಒಟ್ಟಿಗೆ ಕೇಳಬೇಕು. ಅವು ಕೊಟ್ಟ ಪುಟಗಳಿಂದ ಚಿತ್ರ, ಬಣ್ಣ, ಜಾಹೀರಾತಿನ ಪಟ್ಟಿ ಎಲ್ಲ ಕತ್ತರಿಸಿ, ಬರೀ ಉತ್ತರದ ಸಾಲುಗಳನ್ನು ಜೋಡಿಸಿ, ಒಂದು ತೆಳ್ಳನೆಯ ಪುಟ ಮಾಡಿ ನಮಗೆ ಕಳಿಸಬೇಕು. ಭಾರ ಹೊರುವ ಕೆಲಸ ಅಲ್ಲೇ ಮುಗಿಯುತ್ತದೆ, ನಮ್ಮ ಬಡಕಲು ತಂತಿಯಲ್ಲಿ ಬರುವುದು ಅಕ್ಷರ ಮಾತ್ರ. ಇಂಥದಕ್ಕೆ ಮೆಟಾಸರ್ಚ್ ಎನ್ನುತ್ತಾರೆ. ನಾನೇ ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ, ಹೊರಗೆ ಆಗಲೇ ಹಲವು ಇದ್ದವು. ಆದರೆ ಅವುಗಳ ಪುಟಗಳೂ ಚಿತ್ರಗಳಿಂದ ತುಂಬಿ ಅಷ್ಟೇ ಭಾರವಾಗಿದ್ದವು.

ಮಾಸ್ತರು ಒಪ್ಪಿದರು. ಅವರ ತಮ್ಮ ದುಬೈಯಲ್ಲಿದ್ದರು. ಸರ್ವರಿನ ಬಾಡಿಗೆ ಅವರ ಕಾರ್ಡಿನಿಂದ ಹೋಗುವುದೆಂದಾಯಿತು. ಎಂಜಿನ್ನಿಗೆ ‘ಪತ್ತೆ’ ಎಂದು ಹೆಸರಿಟ್ಟೆವು. ಒಂದೇ ಉತ್ತರವನ್ನು ಎಷ್ಟು ಎಂಜಿನ್ನುಗಳು ಕೊಟ್ಟಿವೆಯೋ ಎಣಿಸಿ, ಹೆಚ್ಚು ಎಂಜಿನ್ನುಗಳು ಕೊಟ್ಟದ್ದನ್ನು ಮೇಲಿಡುವುದು ಇಂಥ ಎಂಜಿನ್ನುಗಳಲ್ಲಿ ಎಲ್ಲರೂ ಅನುಸರಿಸುತ್ತಿದ್ದ ಕ್ರಮ. ನಾನೂ ಅದನ್ನೇ ಅನುಸರಿಸಿದೆ. ಆ ಎಣಿಕೆಯನ್ನು ನಕ್ಷತ್ರವಾಗಿ ತೋರಿಸಬೇಕೆಂಬುದು ಮಾತ್ರ ಮಾಸ್ತರ ಹಟ. ಐದೂ ಎಂಜಿನ್ ಹೇಳಿದರೆ ಐದು ನಕ್ಷತ್ರ. ಮಂದಿಗೆ ಓದುವ ತ್ರಾಸು ಬೇಡ, ನೋಡಿದ ಕೂಡಲೇ ತಿಳಿಯಬೇಕು ಎಂದರು. ನಾಲ್ಕೂ ಊರಿನ ಸೆಂಟರುಗಳ ಮೇಲೆ ಬೋರ್ಡು ಬರೆಸಿದರು: ‘ಐದು ಸಾಕ್ಷಿ, ಒಂದೇ ಉತ್ತರ’.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು.

ಕಾಯಿಕೊರಕದ ಗೋಪ್ಯಕ್ಕೆ ಕಾರಣ ಹುಡುಕಲು ಕೂತಾಗ ಗೊತ್ತಾದದ್ದು ಇಷ್ಟು. ಉತ್ತರದ ಸಾಲು ಪುಟದಲ್ಲಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ನಾನು ಒಂದೊಂದು ಎಂಜಿನ್ನಿಗೂ ಒಂದೊಂದು ಗುರುತು ಬರೆದಿದ್ದೆ. ದಪ್ಪಕ್ಷರ ಬಂದರೆ ಶುರು, ಗೆರೆ ಬಂದರೆ ಮುಗಿಯಿತು, ಹೀಗೆ. ಎಂಜಿನ್ನಿನವರು ತಮ್ಮ ಪುಟದ ವಿನ್ಯಾಸ ಬದಲಿಸಿದ ಕೂಡಲೇ ಆ ಗುರುತು ಸುಳ್ಳಾಗುತ್ತಿತ್ತು. ಆಗ ನನ್ನ ಪ್ರೋಗ್ರಾಂ ಪುಟದ ಬುಡದಲ್ಲಿರುವ ‘ಸಹಾಯ’, ‘ಜಾಹೀರಾತು’ಗಳನ್ನೇ ಉತ್ತರವೆಂದು ಕತ್ತರಿಸಿ ಕೊಡುತ್ತಿತ್ತು. ಅವರು ಬದಲಿಸುವುದಕ್ಕೆ ಕಾಲವಿಲ್ಲ, ಮುನ್ಸೂಚನೆಯಿಲ್ಲ. ಒಂದನ್ನು ಸರಿಮಾಡಿ ಮುಗಿಸುವುದರಲ್ಲಿ ಇನ್ನೊಂದು ಮಗ್ಗಲು ಬದಲಿಸಿರುತ್ತಿತ್ತು.

ಸರಿಮಾಡಿದ್ದನ್ನು ಸರ್ವರ್‌ಗೆ ಕಳಿಸುವುದು ಇನ್ನೊಂದು ಪಾಡು. ತಿದ್ದಿದ ಫೈಲು ಹೋಗುತ್ತಿರುವಾಗಲೇ ಕರೆಂಟ್ ಹೋಗುತ್ತಿತ್ತು, ಅಥವಾ ಲೈನು ಕತ್ತರಿಸುತ್ತಿತ್ತು. ಹಳೆಯ ಫೈಲಿನ ಮೇಲೆ ಹೊಸದು ಅರ್ಧ ಮಾತ್ರ ಬರೆದುಕೊಂಡು, ನಾಲ್ಕೂ ಊರಿನಲ್ಲಿ ಒಟ್ಟಿಗೆ ‘ಪತ್ತೆ’ ನಾಪತ್ತೆ. ಆಮೇಲೆ ಬುದ್ಧಿ ಕಲಿತು ಹೊಸ ಫೈಲನ್ನು ಬೇರೆ ಹೆಸರಿನಲ್ಲಿ ಕಳಿಸಿ, ಪೂರ್ತಿ ಮುಟ್ಟಿದೆಯೆಂದು ಖಾತ್ರಿಯಾದ ಮೇಲೆ ಹೆಸರು ಬದಲಿಸುತ್ತಿದ್ದೆ. ಈ ಸಣ್ಣ ಉಪಾಯ ಮೊದಲೇ ಹೊಳೆಯಬಾರದಿತ್ತೇ ಎಂದು ಎಷ್ಟೋ ಸಲ ನನ್ನ ಮೇಲೇ ಸಿಟ್ಟಾಗಿದ್ದೇನೆ. ತೊಗರಿ ಸುಗ್ಗಿಯಲ್ಲಿ ಎಪಿಎಂಸಿಯ ಧೂಳು ಫ್ಲಾಪಿ ಡ್ರೈವಿನೊಳಗೆ ಹೋಗಿ ಅದು ಓದುವುದನ್ನೇ ಬಿಟ್ಟಿತು. ಕ್ಲಾಸಿನ ಹುಡುಗಿಯರಿಗೆ ಪಾಠ ಹೇಳುತ್ತಿರುವಾಗ ಬಾಗೇವಾಡಿಯಿಂದ ಫೋನು, ಫೋನಿನಲ್ಲಿರುವಾಗ ಸಿಂದಗಿಯವರ ಮತ್ತೊಂದು ತಕರಾರು. ಎಲ್ಲರದೂ ಒಂದೇ ಮಾತು, “ಮೇಡಂ, ಪತ್ತೆ ಬರವಲ್ದು.” ಆ ಮಾತು ಕೇಳಿದರೆ ನನಗೆ ಹಲ್ಲು ನೋಯುತ್ತಿತ್ತು.

ಮಾಸ್ತರಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದದ್ದು, ‘ಪತ್ತೆ’ಯ ಹೆಸರಿನಿಂದ ಕ್ಲಾಸುಗಳಿಗೆ ಸೇರುವ ಹುಡುಗರು. ಬಾಗೇವಾಡಿಯ ಸೆಂಟರಿಗೆ ಗೊಳಸಂಗಿಯಿಂದಲೂ ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು. ಮಾಸ್ತರು ವಾರಕ್ಕೊಂದು ಹೊಸ ಆಸೆ ಹೇಳುತ್ತಿದ್ದರು. ನಕ್ಷತ್ರ ಮಿನುಗಬೇಕು. ಕನ್ನಡದಲ್ಲಿ ಹುಡುಕಬೇಕು. ಆಗ ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ಕನ್ನಡ ಅಕ್ಷರ ಒಂದೊಂದು ತರದ್ದಾಗಿತ್ತು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಸವಾಗಿ ಕಾಣುತ್ತಿತ್ತು. ಅದನ್ನು ಅವರಿಗೆ ತಿಳಿಸಿ ಹೇಳುವುದರಲ್ಲಿ ಒಂದು ಮಧ್ಯಾಹ್ನ ಹೋಯಿತು.

ಹೀಗೆ ವರ್ಷ ತುಂಬುವ ಹೊತ್ತಿಗೆ ಇಂಡಿಯ ಶಿಕ್ಷಕ ಒಂದು ಖುಷಿಯ ಸುದ್ದಿ ತಂದ. ಝಳಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರೊಬ್ಬರು ಅವನ ಸೆಂಟರಿಗೆ ಆಗಾಗ ಬರುತ್ತಿದ್ದರಂತೆ. ಅವರ ಮಗಳಿಗೆ ಫಿಟ್ಸ್ ಕಾಯಿಲೆ. ‘ಪತ್ತೆ’ಯಲ್ಲಿ ಹುಡುಕಿದಾಗ ಐದು ನಕ್ಷತ್ರದ ಒಂದು ಔಷಧ ಸಿಕ್ಕಿದೆ, ಪರದೇಶದಿಂದ ತರಿಸುತ್ತಿದ್ದಾರೆ, ಬಹಳ ಸಂತೋಷವಾಗಿದ್ದಾರೆ ಎಂದ.

ಮಾಸ್ತರು ಕುರ್ಚಿಯಿಂದ ಎದ್ದೇ ನಿಂತರು. ಹೊಸ ಬ್ಯಾಚಿನ ಹ್ಯಾಂಡ್‌ಬಿಲ್ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ಆ ಟೀಚರ ಮಾತು, ಅವರ ಫೋಟೋ ಹಾಕಬೇಕು, ನೀವೇ ಹೋಗಿ ಬರೆಸಿಕೊಂಡು ಬರ್ರಿ ಎಂದು ನನಗೆ ಹೇಳಿದರು. ಆ ವಾರವೇ ಎರಡು ಎಂಜಿನ್ನುಗಳು ಪುಟ ಬದಲಿಸಿದ್ದವು. ಕೆಲಸ ಬಿಟ್ಟು ಹ್ಯಾಂಡ್‌ಬಿಲ್ಲಿಗಾಗಿ ಬಸ್ಸು ಹತ್ತುವುದೇ ಎಂದು ನಾನು ಗೊಣಗಿದೆ. ಗೊಣಗುತ್ತಲೇ ಬಾಗೇವಾಡಿ, ವಿಜಾಪುರ ದಾಟಿ ಝಳಕಿಯಲ್ಲಿ ಇಳಿದೆ. ಇಂಡಿಯ ಶಿಕ್ಷಕ ಕ್ಯಾಮೆರಾ ಹಿಡಿದು ಹೆದ್ದಾರಿಯ ಚಹಾದಂಗಡಿಯ ಮುಂದೆ ಕಾಯುತ್ತಿದ್ದ.

ಟೀಚರ ಮನೆ ಹೈಸ್ಕೂಲಿನ ಹಿಂದಿನ ಓಣಿಯಲ್ಲಿತ್ತು. ಅವರು ನನಗಿಂತ ಕೆಲವು ವರ್ಷ ದೊಡ್ಡವರು, ಸಾವಕಾಶವಾಗಿ, ಮಾತನ್ನು ಅಳೆದು ಆಡುವವರು. ಚಹಾ ಕೊಟ್ಟು, ‘ಪತ್ತೆ’ಯಿಂದ ತೆಗೆದ ಪ್ರಿಂಟುಗಳನ್ನು ಮುಂದಿಟ್ಟರು. ಸಾಲುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು. ಒಳಕೋಣೆಯ ಮಂಚದ ಮೇಲೆ ಮಗಳು ಮಲಗಿದ್ದಳು. ಪ್ರಾಥಮಿಕ ಶಾಲೆಗೆ ಹೋಗುವ ವಯಸ್ಸು. ಕೆಳತುಟಿ ಬಾತು ನೀಲಿಗಟ್ಟಿತ್ತು.

ತುಟಿಗೆ ಏನಾಯಿತು ಎಂದು ಕೇಳಿದೆ. ಮೊನ್ನೆ ಮತ್ತೆ ಫಿಟ್ಸ್ ಬಂದಿತ್ತು, ಹಲ್ಲಿಗೆ ಸಿಕ್ಕಿ ಹರಿಯಿತು ಎಂದರು. ಬಹಳ ತಿಂಗಳಿಂದ ಬಂದಿರಲಿಲ್ಲ ಎಂದೂ ಸೇರಿಸಿದರು. ನನ್ನ ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

“ಗುಳಗಿ ತಪ್ಪಿಸೀರೇನ್ರಿ, ಅಕ್ಕಾರ?”

“ಪೂರಾ ಬಿಟ್ಟಿಲ್ಲರಿ. ಅರ್ಧ ಮಾಡೇನಿ. ಪಾರ್ಸೆಲ್ ಬರೂದ್ರಾಗ ಮೈಯಾಗಿನ ಹಳೇ ಔಷಧ ಕಡಿಮಿ ಆಗಬೇಕಂತ ಅದನ್ನ ಮಾರೂವರು ಬರದಾರ. ನಡುವ ಒಂದೆರಡು ಸಲ ಫಿಟ್ಸ್ ಬಂದ್ರ ಹೆದರಬ್ಯಾಡ್ರಿ ಅಂತನೂ ಬರದಾರ.”

“ಡಾಕ್ಟರಿಗೆ ಕೇಳಿದ್ರಿ?”

ಅವರು ಪ್ರಿಂಟಿನ ಮೇಲೆ ಬೆರಳಿಟ್ಟರು. “ಡಾಕ್ಟರು ಒಬ್ರರಿ. ಇಲ್ಲಿ ನೋಡ್ರಿ. ನಾ ವಿಜ್ಞಾನ ಕಲಸಾಕಿ ಅದೇನಿ, ಒಂದ ಕಡೆ ಇದ್ದಿದ್ರ ನಂಬ್ತಿರಲಿಲ್ಲ. ಐದು ಬ್ಯಾರೆ ಬ್ಯಾರೆ ಕಂಪನಿ, ಬ್ಯಾರೆ ಬ್ಯಾರೆ ಹುಡುಕಿ, ಒಂದ ಉತ್ತರ ಕೊಟ್ಟಾವು. ಅದನ್ನ ನಾ ಏನಂತ ತಿಳೀಬೇಕು?”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಐದು ಸ್ವತಂತ್ರ ಎಂಜಿನ್ನುಗಳು ಒಂದೇ ಪುಟವನ್ನು ತಲೆಯ ಮೇಲಿಟ್ಟಿದ್ದರೆ ನಾನಾದರೂ ಹಾಗೇ ಯೋಚಿಸುತ್ತಿದ್ದೆ. ಆದರೆ ಆ ತುಟಿ ಕಣ್ಣ ಮುಂದಿತ್ತು. ಇದರ ಬಗ್ಗೆ ನನಗೆ ಏನೂ ಗೊತ್ತಿಲ್ಲ, ನಿಮ್ಮ ಡಾಕ್ಟರಿಗೆ ಈಗಲೇ ಒಂದು ಫೋನ್ ಮಾಡೋಣ, ಅವರು ಹೇಳಿದಂತೆ ಮಾಡ್ರಿ ಎಂದೆ. ಅವರಿಗೆ ಮನಸ್ಸಿರಲಿಲ್ಲ. ನಾನು ಏಳಲಿಲ್ಲ. ಕೊನೆಗೆ ಹೆದ್ದಾರಿಯ ಎಸ್‌ಟಿಡಿ ಬೂತಿಗೆ ಇಬ್ಬರೂ ಹೋದೆವು. ವಿಜಾಪುರದ ಡಾಕ್ಟರ ದನಿ ರಿಸೀವರಿನಿಂದ ಹೊರಗೆ ನಿಂತ ನನಗೂ ಕೇಳಿಸಿತು. ಅವರು ಬೈದರು, ಆಮೇಲೆ ಮೆತ್ತಗೆ ಮಾತಾಡಿದರು. ಈಗಿಂದೀಗಲೇ ಮೊದಲಿನಷ್ಟೇ ಗುಳಿಗೆ ಕೊಡಬೇಕು, ನಾಳೆ ಮಗುವನ್ನು ಕರೆತರಬೇಕು. ಫೋನ್ ಇಟ್ಟ ಟೀಚರು ನನ್ನ ಮುಖ ನೋಡದೆ ಮನೆ ಕಡೆ ನಡೆದರು. ಫೋಟೋದ ಮಾತು ಯಾರೂ ಎತ್ತಲಿಲ್ಲ. ಆ ಪ್ರಿಂಟುಗಳನ್ನು ಕೇಳಿ ತಂದುಕೊಂಡೆ.

ಮರುದಿನ ಕ್ಲಾಸಿಗೆ ರಜೆ ಹೇಳಿ ಕೂತೆ. ನನ್ನ ಪ್ರೋಗ್ರಾಮನ್ನು ಬದಿಗಿಟ್ಟು, ಟೀಚರು ಹುಡುಕಿದ ಅದೇ ಮಾತನ್ನು ಐದೂ ಎಂಜಿನ್ನುಗಳಲ್ಲಿ ಒಂದೊಂದಾಗಿ ಹುಡುಕಿದೆ. ಲೈನು ಕತ್ತರಿಸಿದಾಗೆಲ್ಲ ಮತ್ತೆ ಮೊದಲಿನಿಂದ. ಪುಟಗಳನ್ನು ಚಿತ್ರ ಸಮೇತ ಪೂರ್ತಿ ಇಳಿಸಿ, ಅವುಗಳ ಹಿಂದಿನ ಕೋಡನ್ನು ಹಾಳೆಯ ಮೇಲೆ ಪ್ರಿಂಟ್ ತೆಗೆದು, ಬೆಂಚಿನ ಮೇಲೆ ಸಾಲಾಗಿ ಹರಡಿಕೊಂಡೆ.

ಆ ಔಷಧದ ಪುಟ ಐದರಲ್ಲೂ ಇತ್ತು, ನಿಜ. ಆದರೆ ಮೂರು ಎಂಜಿನ್ನುಗಳಲ್ಲಿ ಅದು ಎಂಜಿನ್ ಹುಡುಕಿ ಕೊಟ್ಟ ಉತ್ತರವೇ ಅಲ್ಲ. ಹಣ ಕೊಟ್ಟು ಹಾಕಿಸಿದ ಜಾಹೀರಾತು. ಉತ್ತರಗಳ ಹಾಗೆಯೇ ಕಾಣುವಂತೆ, ಅವುಗಳ ತಲೆಯ ಮೇಲೆಯೇ ಅದನ್ನು ಕೂರಿಸಿದ್ದರು. ‘ಪ್ರಾಯೋಜಿತ’ ಎಂಬ ಒಂದು ಪದ ಮೂಲೆಯಲ್ಲಿ ತಿಳಿ ಬೂದು ಬಣ್ಣದಲ್ಲಿತ್ತು. ನನ್ನ ಪ್ರೋಗ್ರಾಂ ಉತ್ತರದ ಸಾಲನ್ನು ಮಾತ್ರ ಕತ್ತರಿಸಿಕೊಳ್ಳುತ್ತಿದ್ದರಿಂದ ಆ ಪದ ಹೊರಗೇ ಉಳಿಯುತ್ತಿತ್ತು. ಮೂರೂ ಕಡೆಯ ಜಾಹೀರಾತು ಬರುತ್ತಿದ್ದದ್ದು ಒಬ್ಬನೇ ದಲಾಲಿಯಿಂದ. ಕೋಡಿನಲ್ಲಿ ಅವನ ವಿಳಾಸ ಮೂರು ಹಾಳೆಯಲ್ಲೂ ಒಂದೇ. ಮಾರುವವನು ಅವನಿಗೆ ಒಮ್ಮೆ ಹಣ ಕೊಟ್ಟರೆ ಅವನು ಅದನ್ನು ಮೂರು ಎಂಜಿನ್ನಿಗೂ ಹಂಚುತ್ತಿದ್ದ.

ಉಳಿದ ಎರಡರ ಕತೆ ಬೇರೆ. ಅವುಗಳಲ್ಲಿ ಒಂದು ಎಂಜಿನ್ ತಾನೇ ಹುಡುಕುತ್ತಲೇ ಇರಲಿಲ್ಲ. ಇನ್ನೊಂದರಿಂದ ಉತ್ತರಗಳನ್ನು ಕೊಂಡು, ತನ್ನ ಬಣ್ಣ ಬಳಿದು ತೋರಿಸುತ್ತಿತ್ತು. ಎರಡೂ ಪುಟಗಳ ಉತ್ತರಗಳು ಮೊದಲಿಂದ ಕೊನೆಯವರೆಗೆ ಅದೇ ಕ್ರಮದಲ್ಲಿದ್ದವು. ಅಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ನಾನು ಆ ಪುಟಗಳನ್ನು ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದದ್ದು ನನ್ನ ಗುರುತುಗಳು ಕೆಟ್ಟಿವೆಯೋ ಇಲ್ಲವೋ ಎಂಬುದನ್ನು ಮಾತ್ರ.

ಐದು ಸಾಕ್ಷಿ ಎಂದು ನಾವು ಬೋರ್ಡು ಬರೆಸಿದ್ದು ಒಬ್ಬ ಮಾರಾಟಗಾರನಿಗೂ ಒಂದು ಎಂಜಿನ್ನಿಗೂ. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಹೇಳುವುದು ಕಷ್ಟ. ಇಷ್ಟು ತಿಂಗಳು ನಾನು ಗುರುತು ತಿದ್ದಿದ್ದು, ಲೈನಿಗಾಗಿ ಕಾದದ್ದು, ಬೈಸಿಕೊಂಡದ್ದು ಎಲ್ಲ ಈ ಎಣಿಕೆಯನ್ನು ಜೀವಂತ ಇಡುವುದಕ್ಕಾಗಿ.

ಅದರ ಮರುದಿನ ಝಳಕಿಯ ಹೈಸ್ಕೂಲಿಗೆ ಫೋನ್ ಮಾಡಿ ಟೀಚರನ್ನು ಕರೆಸಿದೆ. ಮಗಳು ಆರಾಮಿದ್ದಾಳೆ, ಆಸ್ಪತ್ರೆಗೆ ತೋರಿಸಿ ಬಂದೆ ಎಂದರು. ನನಗೆ ಗೊತ್ತಾದದ್ದನ್ನೆಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

“ಹಂಗಾದ್ರ ಒಂದನ್ನ ಐದು ಅಂತ ಎಣಿಸಿದ್ದು ಯಾರ್ರಿ?” ಎಂದರು ಆಮೇಲೆ.

“ಪ್ರೋಗ್ರಾಂ ಎಣಿಸೇತ್ರಿ.”

“ಅದನ್ನ ಬರದವರು?”

“ನಾನರಿ.”

ಅವರ ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಪಾಠಕ್ಕೆ ಹೊತ್ತಾಯಿತು ಎಂದು ಅವರೇ ಫೋನ್ ಇಟ್ಟರು.

ಅವತ್ತೇ ಮಧ್ಯಾಹ್ನ ಮಾಸ್ತರ ಮುಂದೆ ಹಾಳೆಗಳನ್ನು ಹರಡಿ, ಏನಾಗಿದೆ, ಏನು ಮಾಡಬೇಕು ಎಂದು ಹೇಳಿದೆ. ದಲಾಲಿಯ ವಿಳಾಸವಿರುವ ಸಾಲು ಕಂಡರೆ ಎಣಿಸುವ ಮೊದಲೇ ಕಿತ್ತು ಹಾಕಬೇಕು. ಕೊಂಡು ತೋರಿಸುವ ಎಂಜಿನ್ನನ್ನು ಕೈಬಿಡಬೇಕು. ನಕ್ಷತ್ರ ತೆಗೆಯಬೇಕು. ಯಾವ ಉತ್ತರ ಯಾವ ಎಂಜಿನ್ನಿನಿಂದ ಬಂತೆಂದು ಹೆಸರು ಹಾಕಿದರೆ ಸಾಕು.

ಮೊದಲೆರಡಕ್ಕೆ ಅವರು ತಕರಾರು ಮಾಡಲಿಲ್ಲ. ಔಷಧದ ಮಾತು ಕೇಳಿ ಅವರ ಮುಖವೂ ಸಣ್ಣದಾಗಿತ್ತು. ನಕ್ಷತ್ರದ ಮಾತು ಬಂದಾಗ ಮಾತ್ರ ಗಟ್ಟಿಯಾದರು.

“ನಾಕು ಊರಾಗ ಬೋರ್ಡ್ ಐತ್ರಿ ಮೇಡಂ. ಮಂದಿ ಬರೂದ ನಕ್ಷತ್ರ ನೋಡಿ. ಕಸಾ ತಗದ ಮ್ಯಾಲೆ ಉಳಿದಿದ್ದು ಖರೇನ ಅಲ್ಲೇನು? ಅದಕ್ಕ ನಕ್ಷತ್ರ ಇರ್ಲಿ.”

ಕಸ ತೆಗೆದ ಮೇಲೆ ಉಳಿದದ್ದು ಖರೆಯೋ ಅಲ್ಲವೋ ನನಗೆ ಗೊತ್ತಿಲ್ಲ ಎಂದೆ. ಎಂಜಿನ್ನುಗಳಿಗೂ ಗೊತ್ತಿಲ್ಲ. ಆ ಮಾತು ಆ ಪುಟದಲ್ಲಿದೆ ಎಂದಷ್ಟೇ ಅವು ಹೇಳುತ್ತವೆ. ನಕ್ಷತ್ರ ಕಂಡವರು ಅದನ್ನು ಖರೆ ಎಂದು ಓದುತ್ತಾರೆ. ವಾದ ಬಹಳ ಹೊತ್ತು ನಡೆಯಿತು. ಅವರು ಒಪ್ಪಲಿಲ್ಲ, ಬೇಡ ಎಂದೂ ಖಡಾಖಂಡಿತವಾಗಿ ಹೇಳಲಿಲ್ಲ; ನಮಾಜಿಗೆ ಹೊತ್ತಾಯಿತೆಂದು ಎದ್ದು ಹೋದರು. ಅವರು ತಿರುಗಿ ಬರುವುದರೊಳಗೆ ನಾನು ನಕ್ಷತ್ರವನ್ನೂ ಜಾಹೀರಾತಿನ ಸಾಲುಗಳನ್ನೂ ತೆಗೆದ ಫೈಲನ್ನು ಸರ್ವರ್‌ಗೆ ಕಳಿಸಿಬಿಟ್ಟಿದ್ದೆ. ಅವತ್ತು ಎಂದಿಲ್ಲದಂತೆ ಲೈನು ಒಂದು ಸಲವೂ ಕತ್ತರಿಸಲಿಲ್ಲ.

ಮಾಸ್ತರು ಎರಡು ವಾರ ನನ್ನ ಜೊತೆ ಮಾತು ಬಿಟ್ಟರು. ಏನು ಹೇಳುವುದಿದ್ದರೂ ಇಂಡಿಯ ಶಿಕ್ಷಕನಿಗೆ ಫೋನ್ ಮಾಡಿ ಅವನ ಮೂಲಕ ಹೇಳಿಸುತ್ತಿದ್ದರು, ನಾನು ಪಕ್ಕದ ಕೋಣೆಯಲ್ಲಿದ್ದರೂ. ಫೋನುಗಳ ರಾಗ ಬದಲಾಯಿತು. ‘ಬರವಲ್ದು’ ಹೋಗಿ, ‘ಪತ್ತೆದ ತಾಕತ್ತು ಕಡಿಮಿ ಆಗೇತೇನ್ರಿ’ ಎಂದು ಕೇಳತೊಡಗಿದರು. ನಕ್ಷತ್ರವಿಲ್ಲದ ಸಾಲುಗಳನ್ನು ಗಿರಾಕಿಗಳು ಒಂದೊಂದಾಗಿ ಓದಬೇಕಾಗಿತ್ತು. ಅದು ಅವರಿಗೆ ಬೇಡವಾಗಿತ್ತು. ಬಾಗೇವಾಡಿಯಲ್ಲಿ ಒಬ್ಬರು ಹಣ ವಾಪಸು ಕೇಳಿದರು.

ಆಮೇಲೆ ಸರ್ವರ್ ಬಾಡಿಗೆಗೆ ಕೊಟ್ಟ ಕಂಪನಿಯಿಂದ ಪತ್ರ ಬಂತು. ಐದರಲ್ಲಿ ಒಂದು ಎಂಜಿನ್ನಿನವರು ಅವರಿಗೆ ದೂರು ಕೊಟ್ಟಿದ್ದರು. ನಾವು ಅವರ ಪುಟದಿಂದ ಉತ್ತರ ತೆಗೆದುಕೊಂಡು, ಅವರ ಹೊಟ್ಟೆಪಾಡಿನ ಜಾಹೀರಾತನ್ನು ಕಿತ್ತು ಹಾಕುತ್ತಿದ್ದೇವೆ. ಇದು ನಿಲ್ಲಬೇಕು, ಇಲ್ಲದಿದ್ದರೆ ನಮ್ಮ ಜಾಗ ಮುಚ್ಚಲಾಗುವುದು. ಇಷ್ಟು ತಿಂಗಳು ಜಾಹೀರಾತನ್ನು ಉತ್ತರವೆಂದು ತೋರಿಸುತ್ತಿದ್ದಾಗ ಅವರಿಗೆ ನಾವು ಕಂಡಿರಲಿಲ್ಲ. ಬೇಜಾರಿಗೂ ಒಂದು ಮಿತಿ ಇರುತ್ತದೆಂದು ಅಲ್ಲಿಯವರೆಗೆ ತಿಳಿದಿದ್ದೆ.

ಅವರ ಮಾತಿನಲ್ಲೂ ಸುಳ್ಳಿರಲಿಲ್ಲ, ಅವರ ಪುಟ ಅವರದು. ಹಾಗಾಗಿ ಒಂದು ನಡುದಾರಿ ಬರೆದು ಕಳಿಸಿದೆ. ನಿಮ್ಮ ಜಾಹೀರಾತನ್ನು ತೋರಿಸುತ್ತೇವೆ, ಆದರೆ ಕೆಳಗೆ, ಬೇರೆಯಾಗಿ, ‘ಇದು ಹಣ ಕೊಟ್ಟು ಹಾಕಿಸಿದ್ದು’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು. ಯಾರ ಕಂಪ್ಯೂಟರಿನಲ್ಲೂ ಅಕ್ಷರ ಕಸವಾಗಿ ಕಾಣದಿರಲೆಂದು ಆ ಸಾಲನ್ನು ಚಿತ್ರವಾಗಿ ಮಾಡಿಯೂ ಇಟ್ಟಿದ್ದೆ. ಉತ್ತರ ಚಿಕ್ಕದಾಗಿ ಬಂತು. ಒಂದೋ ನಮ್ಮ ಪುಟವನ್ನು ಇದ್ದ ಹಾಗೇ ತೋರಿಸಿ, ಇಲ್ಲವೇ ಬಿಡಿ.

ಅದನ್ನು ಪ್ರಿಂಟ್ ತೆಗೆದು ಮಾಸ್ತರ ಮೇಜಿನ ಮೇಲಿಟ್ಟೆ. ಮಾತು ಬಿಟ್ಟ ಮೇಲೆ ನಾನು ಅವರ ಕೋಣೆಗೆ ಹೋಗಿದ್ದು ಅದೇ ಮೊದಲು. ಇದ್ದ ಹಾಗೇ ತೋರಿಸಿದರೆ ಮತ್ತೆ ಔಷಧ ಮಾರುವವನೇ ತಲೆಯ ಮೇಲೆ ಬರುತ್ತಾನೆ, ಆ ಎಂಜಿನ್ ಬಿಟ್ಟರೆ ‘ಪತ್ತೆ’ ಉಳಿಯುವುದು ಹೆಸರಿಗೆ ಮಾತ್ರ, ನಾಳೆ ಉಳಿದವರಿಂದಲೂ ಇಂಥದೇ ಪತ್ರ ಬರುತ್ತದೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೋರ್ಡಿನ ಮಾತೋ ಹ್ಯಾಂಡ್‌ಬಿಲ್ಲಿನ ಮಾತೋ ಬರುತ್ತದೆಂದು ನಾನು ಉತ್ತರ ಸಿದ್ಧ ಮಾಡಿಕೊಂಡು ನಿಂತಿದ್ದೆ.

“ಆ ಹುಡುಗಿ ಹ್ಯಾಂಗದಾಳ?” ಎಂದರು.

ಆರಾಮಿದ್ದಾಳಂತೆ ಎಂದೆ.

“ಟೈಪಿಂಗ್ ಕಲಸೂ ಮುಂದ ಒಂದು ಅಕ್ಷರ ತಪ್ಪಾದ್ರ ಪೂರಾ ಹಾಳಿ ಹರಸ್ತಿದ್ದೆ ನಾ. ಹುಡುಗರು ಬೈತಿದ್ರು. ಅಳಿಸಿ ಮ್ಯಾಲೆ ಹೊಡದ್ರ ಕೋರ್ಟಿನ್ಯಾಗ ಆ ಕಾಗದ ನಡೀತಿರಲಿಲ್ಲ, ಅದಕ್ಕ.” ಪತ್ರವನ್ನು ಮಡಚಿ ನನ್ನ ಕಡೆ ಸರಿಸಿದರು. “ಇದನ್ನೂ ಹರದು ಒಗೀರಿ ಮೇಡಂ. ತಮ್ಮಗ ಬಾಡಿಗಿ ಕಟ್ಟಬ್ಯಾಡ ಅಂತ ಹೇಳ್ತೇನಿ.”

ಸರ್ವರಿನಿಂದ ಫೈಲುಗಳನ್ನು ಅಳಿಸಿದೆ. ‘ಪತ್ತೆ ನಿಂತಿದೆ’ ಎಂದು ಒಂದು ಪುಟ ಬಿಟ್ಟು ಬಂದೆ. ಬೋರ್ಡುಗಳ ಮೇಲಿನ ಸಾಲಿಗೆ ಪೇಂಟರು ಬಣ್ಣ ಹೊಡೆದ. ಸಿಂದಗಿಯಲ್ಲಿ ಹಳೆಯ ಅಕ್ಷರ ಬಣ್ಣದ ಅಡಿಯಿಂದ ಬಹಳ ದಿನ ಕಾಣುತ್ತಿತ್ತು. ಮುಂದಿನ ಬ್ಯಾಚಿಗೆ ಹುಡುಗರು ಕಡಿಮೆಯಾದರು. ಮಾಸ್ತರು ಅದನ್ನು ನನ್ನೆದುರು ಒಮ್ಮೆಯೂ ಆಡಲಿಲ್ಲ. ನನ್ನ ಬೆನ್ನ ಹಿಂದೆ ಆಡಿದರೆಂದು ಕೇಳಿದೆ.

ಆ ಸಲದ ಪರೀಕ್ಷೆಗಳು ಮುಗಿದ ಮೇಲೆ ಇಂಡಿಗೆ ಹೋಗುವುದಿತ್ತು. ಝಳಕಿಯಲ್ಲಿ ಇಳಿದು ಟೀಚರ ಮನೆಗೆ ಹೋದೆ. ಯಾಕೆ ಹೋದೆನೋ, ಹೇಳಲು ಹೊಸದೇನೂ ಇರಲಿಲ್ಲ. ಅವರು ಕಟ್ಟೆಯ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನನ್ನನ್ನು ಕಂಡು ಪತ್ರಿಕೆಗಳ ಮೇಲೆ ಕಲ್ಲಿಟ್ಟು, ಒಳಗೆ ಕರೆದರು.

ಎಂಜಿನ್ ಮುಚ್ಚಿದ ಸುದ್ದಿ ಅವರಿಗೆ ಇಂಡಿಯ ಸೆಂಟರಿನಿಂದ ಮುಟ್ಟಿತ್ತು. ಒಳ್ಳೆಯದಾಯಿತು ಎನ್ನುತ್ತಾರೆಂದು ನಾನು ಕಾದೆ.

“ಛಲೋ ಆತು ಅನ್ನಂಗಿಲ್ಲರಿ ನಾ,” ಎಂದರು. “ಗ್ರಹಣದ ಪಾಠಕ್ಕ ಅದರಾಗ ಎಂಥಾ ಚಿತ್ರ ಸಿಕ್ಕಿದ್ವು. ಹತ್ತನೇ ಕ್ಲಾಸಿನ ಹುಡುಗರು ಕುಣದಾಡಿದ್ರು. ಈಗ ಮತ್ತ ಒಂದೊಂದು ಪುಟಕ್ಕ ಅಷ್ಟೊತ್ತು ಕಾಯಬೇಕು.”

ಅಷ್ಟರಲ್ಲಿ ಮಗಳು ಹೊರಗಿನಿಂದ ಬೆವತು ಓಡಿ ಬಂದಳು. ತುಟಿಯ ಮೇಲೆ ಸಣ್ಣ ಬಿಳಿ ಗುರುತು ಉಳಿದಿತ್ತು. ಅವಳು ಗಡಿಯಾರ ನೋಡಿ, ಗೂಡಿನಿಂದ ತಾನೇ ಗುಳಿಗೆ ತೆಗೆದು, ಕೊಡದಿಂದ ನೀರು ಬಗ್ಗಿಸಿಕೊಂಡು ನುಂಗಿದಳು. ಅವ್ವನ ಮುಂದೆ ಬಾಯಿ ತೆರೆದು ತೋರಿಸಿದಳು. ಟೀಚರು ಬಗ್ಗಿ ನಾಲಗೆಯ ಕೆಳಗೂ ನೋಡಿ, ಹೋಗು ಎಂದರು. ಅವಳು ಮತ್ತೆ ಆಟಕ್ಕೆ ಓಡಿದಳು.

ಚಹಾ ಕುಡಿದು ಎದ್ದೆ. ಹೆದ್ದಾರಿಯವರೆಗೆ ಟೀಚರು ಜೊತೆಗೆ ಬಂದರು. ಸೆಂಟರ್ ಇನ್ನೂ ಇರುತ್ತದಲ್ಲ, ರಜೆಯಲ್ಲಿ ತಾನೂ ಈ ಪ್ರೋಗ್ರಾಂ ಬರೆಯುವುದನ್ನು ಕಲಿಯಬಹುದೇ ಎಂದು ದಾರಿಯಲ್ಲಿ ಕೇಳಿದರು. ಬರ್ರಿ ಎಂದೆ. ಇಂಡಿಯ ಬಸ್ಸು ಬಂತು.